22 ಸುತ್ತು ಮುಗಿದ ಮೇಲೆ ಪಟ್ಟಿಯನ್ನು ಒಡೆಯುವುದೇಕೆ? ಐಸ್‌ಲ್ಯಾಂಡ್ ಲೀಗಿನ 2024ರ ಋತು

ಪ್ರಶ್ನೆ: ಐಸ್‌ಲ್ಯಾಂಡ್‌ನ ಪುರುಷರ ಅಗ್ರ ಫುಟ್‌ಬಾಲ್ ಲೀಗಿನ 2024ರ ಫಲಿತಾಂಶಗಳನ್ನು ನೋಡುತ್ತಿದ್ದೆ. 22 ಸುತ್ತು ಮುಗಿದಾಗ ವೀಕಿಂಗುರ್ ಮೊದಲ ಸ್ಥಾನದಲ್ಲಿತ್ತು, ಆದರೆ ಪ್ರಶಸ್ತಿ ಬ್ರೇಯ್ದಾಬ್ಲಿಕ್ ಪಾಲಾಯಿತು. 12 ತಂಡಗಳು ಪರಸ್ಪರ ಎರಡೆರಡು ಬಾರಿ ಆಡಿದ ಮೇಲೆ ಪಟ್ಟಿಯನ್ನು ಎರಡು ಭಾಗ ಮಾಡಿ ಇನ್ನೂ ಐದು ಪಂದ್ಯ ಆಡಿಸುವುದೇಕೆ? ಅಷ್ಟು ಸಣ್ಣ ದೇಶಕ್ಕೆ ಇಷ್ಟು ತೊಡಕಿನ ಲೆಕ್ಕ ಬೇಕೆ? ವೀಕಿಂಗುರ್‌ಗೆ ಅನ್ಯಾಯವಾಯಿತು ಎನ್ನಬಹುದೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಿಯಮದ ಪ್ರಕಾರ ಅನ್ಯಾಯವಾಗಲಿಲ್ಲ. ಈ ಪದ್ಧತಿ 2022ರಿಂದ ಜಾರಿಯಲ್ಲಿದೆ, ಋತು ಆರಂಭವಾಗುವ ಮೊದಲೇ ಎಲ್ಲ ತಂಡಗಳಿಗೂ ಅದು ಗೊತ್ತಿತ್ತು. ಆದರೆ 2021ರವರೆಗೆ ಇದ್ದ 22 ಸುತ್ತಿನ ಪದ್ಧತಿಯೇ ಮುಂದುವರಿದಿದ್ದರೆ 2024ರ ಪ್ರಶಸ್ತಿ ವೀಕಿಂಗುರ್‌ಗೆ ಹೋಗುತ್ತಿತ್ತು ಎನ್ನುವುದೂ ಅಷ್ಟೇ ನಿಜ. 22 ಸುತ್ತು ಮುಗಿದಾಗ ಎರಡೂ ತಂಡಗಳ ಬಳಿ 49 ಅಂಕಗಳಿದ್ದವು, ಗೋಲು ವ್ಯತ್ಯಾಸದಲ್ಲಿ (ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ಅಂತರ) ವೀಕಿಂಗುರ್ ಮುಂದಿತ್ತು. ಆಮೇಲಿನ ಐದು ಪಂದ್ಯಗಳಲ್ಲಿ ಬ್ರೇಯ್ದಾಬ್ಲಿಕ್ 13 ಅಂಕ ಗಳಿಸಿತು, ವೀಕಿಂಗುರ್ 10 ಗಳಿಸಿತು. ಕೊನೆಯ ಪಟ್ಟಿಯಲ್ಲಿ 62 ಮತ್ತು 59 ಎಂದು ನೀವು ನೋಡಿರುವುದು ಈ ಲೆಕ್ಕವನ್ನೇ.

ಈ ಐದು ಪಂದ್ಯಗಳು ಏಕೆ ಬಂದವು ಎನ್ನುವುದು ಇದಕ್ಕಿಂತ ದೊಡ್ಡ ಪ್ರಶ್ನೆ. ಸಣ್ಣ ದೇಶದ ಲೀಗಿನ ಸ್ವರೂಪವನ್ನು ತೀರ್ಮಾನಿಸುವುದು ನ್ಯಾಯದ ತಕ್ಕಡಿ ಒಂದೇ ಅಲ್ಲ. ಐಸ್‌ಲ್ಯಾಂಡಿನ ಮಟ್ಟಿಗೆ ಹವಾಮಾನ, ಬೆಳಕು ಮತ್ತು ಯುರೋಪಿನ ಅರ್ಹತಾ ಸುತ್ತುಗಳ ದಿನಾಂಕ, ಈ ಮೂರು ಸಂಗತಿಗಳು ಲೀಗಿನ ವೇಳಾಪಟ್ಟಿಯನ್ನು ಹಿಡಿದು ಬಾಗಿಸುತ್ತವೆ. 2024ರ ಋತುವಿನಲ್ಲಿ ಈ ಬಾಗು ಎದ್ದು ಕಾಣುವಷ್ಟು ಸ್ಪಷ್ಟವಾಗಿತ್ತು.

ಮೊದಲು ದೇಶದ ಅಳತೆ ತಿಳಿದಿರಲಿ. ಐಸ್‌ಲ್ಯಾಂಡಿನ ಜನಸಂಖ್ಯೆ ನಾಲ್ಕು ಲಕ್ಷಕ್ಕಿಂತ ಸ್ವಲ್ಪ ಕಡಿಮೆ. 2011ರ ಜನಗಣತಿಯಲ್ಲಿ ಐದೂವರೆ ಲಕ್ಷ ದಾಟಿದ್ದ ನಮ್ಮ ಕೊಡಗು ಜಿಲ್ಲೆಗಿಂತಲೂ ಅದು ಚಿಕ್ಕದು. ಆ ಜನರಲ್ಲಿ ಹೆಚ್ಚಿನವರು ರಾಜಧಾನಿ ರೇಕ್ಯಾವಿಕ್ ಮತ್ತು ಅದಕ್ಕೆ ಅಂಟಿಕೊಂಡ ಪಟ್ಟಣಗಳಲ್ಲೇ ನೆಲೆಸಿದ್ದಾರೆ. ಅದರಂತೆ 2024ರ ಹನ್ನೆರಡು ತಂಡಗಳಲ್ಲಿ ಒಂಬತ್ತು ರಾಜಧಾನಿ ಪ್ರದೇಶದವು: ರೇಕ್ಯಾವಿಕ್‌ನ ಕೆಆರ್, ವಾಲುರ್, ಫ್ರಾಮ್, ವೀಕಿಂಗುರ್, ಫಿಲ್ಕಿರ್, ಕೋಪವೋಗುರ್‌ನ ಬ್ರೇಯ್ದಾಬ್ಲಿಕ್ ಮತ್ತು ಎಚ್‌ಕೆ, ಪಕ್ಕದ ಗಾರ್ದಾಬೇರ್‌ನ ಸ್ಟ್ಯಾರ್ನಾನ್, ಹಾಫ್ನಾರ್‌ಫ್ಯೋರ್ದುರ್‌ನ ಎಫ್‌ಎಚ್. ಹೊರಗಿನವು ಮೂರೇ ಮೂರು: ಕೊಲ್ಲಿಯಾಚೆ ಅಕ್ರಾನೆಸ್‌ನ ಐಎ, ಉತ್ತರದ ಅಕುರೇರಿಯ ಕೆಎ ಮತ್ತು ವಾಯವ್ಯದ ಕಡಲಕೋಡುಗಳ ನಡುವಿನ ಈಸಾಫ್ಯೋರ್ದುರ್‌ನ ವೆಸ್ತ್ರಿ. ಪ್ರಶಸ್ತಿಗಾಗಿ ಹೋರಾಡಿದ ಎರಡು ತಂಡಗಳ ಮೈದಾನಗಳಂತೂ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಈ ನೆರೆಹೊರೆ ಮುಂದೆ ಮುಖ್ಯವಾಗುವುದರಿಂದ ನೆನಪಿನಲ್ಲಿಟ್ಟುಕೊಳ್ಳಿ.

ಇನ್ನು ಹವಾಮಾನ. 1912ರಲ್ಲಿ ಮೂರು ತಂಡಗಳೊಂದಿಗೆ ಆರಂಭವಾದ ಈ ಚಾಂಪಿಯನ್‌ಷಿಪ್ ಯಾವಾಗಲೂ ಬೇಸಿಗೆಯ ಆಟವೇ. ದಶಕಗಳ ಕಾಲ ಮೇ ತಿಂಗಳಲ್ಲಿ ಹುಲ್ಲು ಚಿಗುರಿದ ಮೇಲೆ ಆರಂಭಿಸಿ ಸೆಪ್ಟೆಂಬರ್ ಕೊನೆಗೆ ಮುಗಿಸುವುದು ರೂಢಿಯಾಗಿತ್ತು. ಜೂನ್ ತಿಂಗಳಲ್ಲಿ ರಾತ್ರಿ ಏಳೂಕಾಲಿಗೆ ಪಂದ್ಯ ಆರಂಭಿಸಿದರೂ ದೀಪ ಹಾಕುವ ಅಗತ್ಯವಿಲ್ಲ, ಅಲ್ಲಿ ಸೂರ್ಯ ಮುಳುಗುವುದೇ ನಡುರಾತ್ರಿಯ ಹೊತ್ತಿಗೆ. ಆದರೆ ನಾಲ್ಕೂವರೆ ತಿಂಗಳಲ್ಲಿ ಎಲ್ಲವನ್ನೂ ಮುಗಿಸುವ ಲೀಗಿನಲ್ಲಿ ಆಟಗಾರನಿಗೆ ವರ್ಷದ ಏಳೂವರೆ ತಿಂಗಳು ಅಧಿಕೃತ ಲೀಗ್ ಪಂದ್ಯವೇ ಇರುವುದಿಲ್ಲ. (ಈ ಬಿಡುವಿನಿಂದಲೇ ಭಾರತಕ್ಕೂ ಒಂದು ಸಣ್ಣ ನಂಟು ಬೆಳೆಯಿತು. ಸ್ಟ್ಯಾರ್ನಾನ್ ತಂಡದ ಗುದ್ಯೋನ್ ಬಾಲ್ದ್ವಿನ್‌ಸನ್ 2018ರ ಆರಂಭದಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಎರವಲಾಗಿ ಆಡಿದ್ದು ಅಲ್ಲಿನ ಚಳಿಗಾಲವೂ ಇಲ್ಲಿನ ಇಂಡಿಯನ್ ಸೂಪರ್ ಲೀಗ್ ಋತುವೂ ಒಂದಕ್ಕೊಂದು ಹೊಂದಿಕೊಳ್ಳುವುದರಿಂದ.)

ಈ ಅಡ್ಡಿಯನ್ನು ಐಸ್‌ಲ್ಯಾಂಡ್ ಎರಡು ಹಂತಗಳಲ್ಲಿ ದಾಟಿತು. ಮೊದಲನೆಯದು ಪೂರ್ಣ ಅಳತೆಯ ಮೈದಾನವನ್ನೇ ಸೂರಿನಡಿ ತಂದ ಒಳಾಂಗಣಗಳು. ಅಂಥ ಮೊದಲನೆಯದು 2000ದಲ್ಲಿ ರೇಕ್ಯಾನೆಸ್‌ಬೇರ್‌ನಲ್ಲಿ ತೆರೆಯಿತು, ಆಮೇಲೆ ಬೇರೆ ಊರುಗಳಲ್ಲೂ ತಲೆಯೆತ್ತಿದವು. ಎರಡನೆಯದು ಕೃತಕ ಹುಲ್ಲಿನ ಟರ್ಫ್. ಇಂದು ಅಗ್ರ ಲೀಗಿನ ಮೈದಾನಗಳಲ್ಲಿ ನೈಸರ್ಗಿಕ ಹುಲ್ಲು ಅಪರೂಪವಾಗುತ್ತಿದೆ. 27 ಬಾರಿ ಪ್ರಶಸ್ತಿ ಗೆದ್ದು ದೇಶದ ಅತ್ಯಂತ ಯಶಸ್ವಿ ಕ್ಲಬ್ ಎನಿಸಿರುವ ಕೆಆರ್ ಕೂಡ 2025ರಲ್ಲಿ ಟರ್ಫ್‌ಗೆ ಬದಲಾಯಿತು. ಟರ್ಫ್ ಬಂದ ಮೇಲೆ ಏಪ್ರಿಲ್ ಮೊದಲ ವಾರದಲ್ಲೇ ಆರಂಭಿಸಿ ಅಕ್ಟೋಬರ್ ಕೊನೆಯವರೆಗೂ ಆಡಿಸುವುದು ಸಾಧ್ಯವಾಯಿತು. ಹಾಗೆ ದೊರೆತ ಹೆಚ್ಚಿನ ವಾರಗಳನ್ನು ತುಂಬುವುದು ಹೇಗೆ ಎಂಬ ಪ್ರಶ್ನೆಗೆ 2022ರಲ್ಲಿ ಸಿಕ್ಕ ಉತ್ತರವೇ ನೀವು ಕೇಳಿದ ವಿಭಜನೆ.

ಮೂರನೆಯ ಸುತ್ತನ್ನೂ ಪೂರ್ತಿ ಆಡಿಸಿದರೆ 33 ಪಂದ್ಯಗಳಾಗುತ್ತವೆ. ಹಿಮ ಮತ್ತು ಕತ್ತಲೆ ಅದಕ್ಕೆ ಅವಕಾಶ ಕೊಡುವುದಿಲ್ಲ. ತಂಡಗಳನ್ನು ಹತ್ತಕ್ಕೆ ಇಳಿಸಿ ಮೂರು ಸುತ್ತು ಆಡಿಸಿದರೆ ಸರಿಯಾಗಿ 27 ಪಂದ್ಯಗಳಾಗುತ್ತವೆ, ಫ್ಯಾರೋ ದ್ವೀಪಗಳ ಲೀಗಿನಲ್ಲಿ ಇರುವುದು ಇದೇ ಪದ್ಧತಿ. ಆದರೆ ಎರಡು ಸ್ಥಾನ ಕಡಿಮೆ ಮಾಡಿದರೆ ಮೊದಲು ಪೆಟ್ಟು ಬೀಳುವುದು ವೆಸ್ತ್ರಿಯಂಥ ದೂರದ ಊರಿನ ತಂಡಗಳಿಗೆ. ಹೀಗಾಗಿ 12 ತಂಡಗಳನ್ನು ಉಳಿಸಿಕೊಂಡು, 22 ಸುತ್ತಿನ ನಂತರ ಮೇಲಿನ ಆರು ಮತ್ತು ಕೆಳಗಿನ ಆರು ಎಂದು ಬೇರ್ಪಡಿಸಿ, ಆಯಾ ಗುಂಪಿನಲ್ಲೇ ತಲಾ ಐದು ಪಂದ್ಯ ಆಡಿಸುವ ದಾರಿಯನ್ನು ಆರಿಸಿಕೊಂಡರು. ಅದುವರೆಗಿನ ಅಂಕಗಳು ಪೂರ್ತಿ ಜೊತೆಗೆ ಬರುತ್ತವೆ, ಅರ್ಧಕ್ಕೆ ಇಳಿಯುವುದಿಲ್ಲ. ಆರು ತಂಡಗಳ ಒಂಟಿ ಸುತ್ತಿನಲ್ಲಿ ತವರು ಪಂದ್ಯಗಳನ್ನು ಸಮವಾಗಿ ಹಂಚುವುದು ಸಾಧ್ಯವಿಲ್ಲವಾದ್ದರಿಂದ, ಗುಂಪಿನ ಮೊದಲ ಮೂರು ತಂಡಗಳಿಗೆ ಮೂರು ಪಂದ್ಯ ತವರಿನಲ್ಲಿ, ಉಳಿದ ಮೂರಕ್ಕೆ ಎರಡು. ಎರಡು ತಂಡಗಳು ಕೆಳ ಹಂತಕ್ಕೆ ಇಳಿಯುತ್ತವೆ. ಪದ್ಧತಿಯ ವಿವರ ಇಷ್ಟೇ. ಕಾಗದದ ಮೇಲೆ ಕಾಣುವಷ್ಟು ತೊಡಕಿನದಲ್ಲ.

ಈಗ ಮೂರನೆಯ ಸಂಗತಿಗೆ, ಅಂದರೆ ಜುಲೈ ತಿಂಗಳಿಗೆ ಬರೋಣ. ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯ ನಡು ಇಲ್ಲಿದೆ. ಐಸ್‌ಲ್ಯಾಂಡಿನ ಚಾಂಪಿಯನ್ ತಂಡ ಮರುವರ್ಷದ ಜುಲೈನಲ್ಲಿ ಚಾಂಪಿಯನ್ಸ್ ಲೀಗಿನ ಅರ್ಹತಾ ಸುತ್ತು ಆಡುತ್ತದೆ. ಅಲ್ಲಿ ಸೋತರೂ ಯುರೋಪಿನ ಮೂರನೆಯ ಹಂತದ ಟೂರ್ನಿಯಾದ ಕಾನ್ಫರೆನ್ಸ್ ಲೀಗಿನ ಅರ್ಹತಾ ಸುತ್ತಿನಲ್ಲಿ ಇನ್ನೊಂದು ಅವಕಾಶವಿದೆ. ಆ ಅವಕಾಶ ಫಲಿಸಿ, ಅರ್ಹತಾ ಸುತ್ತುಗಳ ನಂತರದ ಮುಖ್ಯ ಘಟ್ಟವಾದ ಲೀಗ್ ಹಂತ ತಲುಪಿದ ಕ್ಲಬ್‌ಗೆ 2024–25ರಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ಕೊಟ್ಟ ಆರಂಭಿಕ ಮೊತ್ತ 31.7 ಲಕ್ಷ ಯೂರೊ, ಅಂದಿನ ದರದಲ್ಲಿ ಸುಮಾರು 29 ಕೋಟಿ ರೂಪಾಯಿ. ಪ್ರತಿ ಗೆಲುವಿಗೆ ಇನ್ನೂ ನಾಲ್ಕು ಲಕ್ಷ ಯೂರೊ. ಓದುತ್ತಲೋ ಬೇರೆ ಕೆಲಸ ಮಾಡುತ್ತಲೋ ಆಡುವ ಆಟಗಾರರೂ ಇರುವ ಲೀಗ್ ಇದು. ವೆಸ್ತ್‌ಮನ್ ದ್ವೀಪಗಳಲ್ಲಿ ದಂತವೈದ್ಯರಾಗಿದ್ದ ಹೇಮಿರ್ ಹಾಲ್‌ಗ್ರಿಮ್‌ಸನ್ ಅಲ್ಲಿನ ಐಬಿವಿ ತಂಡದ ಕೋಚ್ ಆಗಿ, ಮುಂದೆ ರಾಷ್ಟ್ರೀಯ ತಂಡವನ್ನು ವಿಶ್ವಕಪ್‌ಗೆ ಕರೆದೊಯ್ದದ್ದು ಇದೇ ನೆಲದಿಂದ. ಇಂಥಲ್ಲಿ ಆ ಮೊತ್ತ ಒಂದು ಕ್ಲಬ್‌ನ ಹಲವು ವರ್ಷಗಳ ಲೆಕ್ಕಪತ್ರವನ್ನೇ ಬದಲಾಯಿಸಬಲ್ಲದು. ಸ್ವದೇಶದ ಪಟ್ಟಿಯಲ್ಲಿ ಮೊದಲಿಗರಾಗುವ ದೊಡ್ಡ ಲಾಭ ಕಪ್ ಅಲ್ಲ, ಮುಂದಿನ ಜುಲೈನಲ್ಲಿ ಸಿಗುವ ಎರಡು ಅವಕಾಶಗಳು.

2024ರಲ್ಲಿ ಆ ಅವಕಾಶ ವೀಕಿಂಗುರ್‌ಗೆ ಸಿಕ್ಕಿತ್ತು, ಏಕೆಂದರೆ 2023ರ ಚಾಂಪಿಯನ್ ಆ ತಂಡವೇ. ಮೊದಲ ಸುತ್ತಿನಲ್ಲೇ ಐರ್ಲೆಂಡಿನ ಶಾಮ್‌ರಾಕ್ ರೋವರ್ಸ್ ಎದುರು ತವರಿನಲ್ಲಿ ಗೋಲಿಲ್ಲದ ಡ್ರಾ, ಡಬ್ಲಿನ್‌ನಲ್ಲಿ 2–1ರ ಸೋಲು. ಆ ಎರಡನೆಯ ಪಂದ್ಯದ ಇಂಜುರಿ ಟೈಮ್‌ನಲ್ಲಿ ದೊರೆತ ಪೆನಾಲ್ಟಿಯನ್ನು ನಿಕೊಲಾಯ್ ಹಾನ್ಸೆನ್ ಗೋಲಿನ ಕಂಬಕ್ಕೆ ಹೊಡೆದರು. ಆದರೆ ಆ ಸೋಲೇ ಒಂದು ರೀತಿಯಲ್ಲಿ ಒಳ್ಳೆಯದಾಯಿತು. ಕಾನ್ಫರೆನ್ಸ್ ಲೀಗಿನ ಚಾಂಪಿಯನ್ನರ ದಾರಿಗೆ ಇಳಿದ ವೀಕಿಂಗುರ್‌ಗೆ ಎದುರಾದವರು ಅಲ್ಬೇನಿಯಾದ ಎಗ್ನಾಟಿಯಾ, ಎಸ್ಟೋನಿಯಾದ ಫ್ಲೋರಾ ಮತ್ತು ಆಂಡೊರಾದ ಸಾಂತಾ ಕೊಲೊಮಾ, ಎಲ್ಲವೂ ಚಿಕ್ಕ ದೇಶಗಳ ಚಾಂಪಿಯನ್ನರೇ. ಮೂವರನ್ನೂ ದಾಟಿ ತಂಡ ಲೀಗ್ ಹಂತ ತಲುಪಿತು. ಅದೇ ಬೇಸಿಗೆಯಲ್ಲಿ ಬ್ರೇಯ್ದಾಬ್ಲಿಕ್ ಉತ್ತರ ಮ್ಯಾಸಿಡೋನಿಯಾದ ಟಿಕ್ವೆಶ್ ತಂಡವನ್ನು ದಾಟಿ, ಕೊಸೊವೊದ ದ್ರಿತಾ ಎದುರು ಎರಡೂ ಪಂದ್ಯ ಸೋತು ಬೇಗನೇ ಹೊರಬಿತ್ತು. ಆಗಸ್ಟ್‌ನಿಂದಾಚೆಗೆ ಅದಕ್ಕೆ ಉಳಿದಿದ್ದು ಲೀಗ್ ಒಂದೇ.

ಇಲ್ಲಿಂದ ಮುಂದೆ ಎರಡು ತಂಡಗಳ ವೇಳಾಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಅನುಮಾನಕ್ಕೆ ಆಧಾರವಿದೆ ಎನಿಸುತ್ತದೆ. ವಿಭಜನೆಯಾದ ಮೇಲೆ ವೀಕಿಂಗುರ್ ಅಂಕ ಕಳೆದುಕೊಂಡದ್ದು ಎರಡೇ ಪಂದ್ಯಗಳಲ್ಲಿ. ಅಕ್ಟೋಬರ್ 3, ಗುರುವಾರ, ಸೈಪ್ರಸ್‌ನ ನಿಕೋಸಿಯಾದಲ್ಲಿ ಒಮೊನಿಯಾ ಎದುರು 4–0ರಿಂದ ಸೋತು, ಯುರೋಪಿನ ಆ ತುದಿಯಿಂದ ಈ ತುದಿಗೆ ಹಾರಿ ಬಂದ ತಂಡ ಭಾನುವಾರ ಸ್ಟ್ಯಾರ್ನಾನ್ ಜೊತೆ 2–2 ಡ್ರಾ ಮಾಡಿಕೊಂಡಿತು. ಅಕ್ಟೋಬರ್ 24, ಮತ್ತೊಂದು ಗುರುವಾರ, ಬೆಲ್ಜಿಯಂನ ಸರ್ಕಲ್ ಬ್ರೂಜ್ ತಂಡವನ್ನು 3–1ರಿಂದ ಮಣಿಸಿತು. ಐಸ್‌ಲ್ಯಾಂಡಿನ ಪುರುಷರ ಕ್ಲಬ್ ಒಂದು ಯುರೋಪಿನ ಇಂಥ ಹಂತದಲ್ಲಿ ಗೆದ್ದದ್ದು ಅದೇ ಮೊದಲು. ಮೂರೇ ದಿನಗಳ ನಂತರ ಬಂದದ್ದು ಪ್ರಶಸ್ತಿ ನಿರ್ಣಯದ ಪಂದ್ಯ. ಇಷ್ಟು ಹೇಳಿ ಸುಮ್ಮನಾದರೆ ಅದೂ ಸರಿಯಲ್ಲ. ಸ್ಟ್ಯಾರ್ನಾನ್ ಪಂದ್ಯ ಡ್ರಾ ಆದ ಸುತ್ತಿನಲ್ಲೇ, ಯುರೋಪಿನ ಯಾವ ಭಾರವೂ ಇಲ್ಲದ ಬ್ರೇಯ್ದಾಬ್ಲಿಕ್ ಕೂಡ ವಾಲುರ್ ಜೊತೆ 2–2 ಡ್ರಾ ಮಾಡಿಕೊಂಡಿತ್ತು. ನಡುವೆ ಅಕ್ರಾನೆಸ್‌ನಲ್ಲಿ ವೀಕಿಂಗುರ್ ಕೊನೆಯ ಗಳಿಗೆಯ ಗೋಲಿನಿಂದ 4–3ರಲ್ಲಿ ಗೆದ್ದು ಬಂದಿತ್ತು. ದಣಿವು ಒಂದು ಕಾರಣ, ಪೂರ್ಣ ವಿವರಣೆಯಲ್ಲ.

ಬ್ರೂಜ್ ವಿರುದ್ಧದ ಆ ಗುರುವಾರದ ಪಂದ್ಯವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ವೀಕಿಂಗುರ್‌ನ ಸ್ವಂತ ಮೈದಾನ ಯುಇಎಫ್‌ಎ ಕೇಳುವ ಮಟ್ಟದಲ್ಲಿರಲಿಲ್ಲವಾದ್ದರಿಂದ ಪಂದ್ಯ ನಡೆದದ್ದು ಕೋಪವೋಗುರ್ ಮೈದಾನದಲ್ಲಿ, ಅಂದರೆ ಪ್ರಶಸ್ತಿಗೆ ಪೈಪೋಟಿಯಲ್ಲಿದ್ದ ಬ್ರೇಯ್ದಾಬ್ಲಿಕ್‌ನ ತವರಿನಲ್ಲೇ. ಅಲ್ಲಿನ ಹೊನಲು ಬೆಳಕು ಕೂಡ ಯುರೋಪಿನ ರಾತ್ರಿ ಪಂದ್ಯಕ್ಕೆ ಸಾಲದು. ಹೀಗಾಗಿ ಪಂದ್ಯವನ್ನು ಮಧ್ಯಾಹ್ನ ಎರಡೂವರೆಗೇ ಆರಂಭಿಸಬೇಕಾಯಿತು; ಅಲ್ಲಿ ಕಚೇರಿ, ಶಾಲೆಗಳ ಹೊತ್ತು, ನಮಗೆ ರಾತ್ರಿ ಎಂಟು ಗಂಟೆ. ತನ್ನ ಎದುರಾಳಿಯ ಅಂಗಳದಲ್ಲಿ, ಕೆಲಸದ ದಿನದ ಮಧ್ಯಾಹ್ನ, ದೇಶದ ಫುಟ್‌ಬಾಲ್ ಇತಿಹಾಸದ ದೊಡ್ಡ ಗೆಲುವೊಂದನ್ನು ದಾಖಲಿಸಿ, ಮೂರು ದಿನ ಕಳೆದು ಅದೇ ಎದುರಾಳಿಯನ್ನು ತನ್ನ ಮೈದಾನಕ್ಕೆ ಬರಮಾಡಿಕೊಳ್ಳುವ ಸ್ಥಿತಿ ದೊಡ್ಡ ದೇಶದ ಲೀಗಿನಲ್ಲಿ ಊಹಿಸಲೂ ಆಗದು. 2025ರ ಫೆಬ್ರವರಿಯಲ್ಲಿ ಗ್ರೀಸ್‌ನ ಪನಾಥಿನೈಕೋಸ್ ವಿರುದ್ಧದ 'ತವರು' ಪಂದ್ಯವನ್ನಂತೂ ವೀಕಿಂಗುರ್ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಆಡಿತು. ಆ ತಿಂಗಳಲ್ಲಿ ಯುಇಎಫ್‌ಎ ಒಪ್ಪುವ ಮೈದಾನ ಐಸ್‌ಲ್ಯಾಂಡಿನಲ್ಲಿ ಒಂದೂ ಇರಲಿಲ್ಲ. ಅಲ್ಲಿ 2–1ರಿಂದ ಗೆದ್ದು, ಅಥೆನ್ಸ್‌ನಲ್ಲಿ 2–0ಯಿಂದ ಸೋತು ಹೊರಬಿತ್ತು.

ಅಕ್ಟೋಬರ್ 27ರ ಭಾನುವಾರ ಸಂಜೆ ಇಬ್ಬರ ಬಳಿಯೂ 59 ಅಂಕಗಳಿದ್ದವು. ಗೋಲು ವ್ಯತ್ಯಾಸದಲ್ಲಿ ಮುಂದಿದ್ದ ವೀಕಿಂಗುರ್‌ಗೆ ಡ್ರಾ ಸಾಕಿತ್ತು, ಬ್ರೇಯ್ದಾಬ್ಲಿಕ್ ಗೆಲ್ಲಲೇಬೇಕಿತ್ತು. ಡ್ರಾ ಸಾಕು ಎಂಬ ಸ್ಥಿತಿ ಎಷ್ಟು ಅಪಾಯಕಾರಿ ಎಂಬುದನ್ನು ಫುಟ್‌ಬಾಲ್ ನೋಡುವವರಿಗೆ ಹೇಳಬೇಕಾಗಿಲ್ಲ. ಬ್ರೇಯ್ದಾಬ್ಲಿಕ್‌ನ ಈಸಾಕ್ ಸ್ನೇರ್ ಥೋರ್ವಾಲ್ದ್‌ಸನ್ ವಿರಾಮಕ್ಕೆ ಮೊದಲು ಒಂದು, ನಂತರ ಇನ್ನೊಂದು ಗೋಲು ಹೊಡೆದರು. ಮೂರನೆಯದು ಆರೋನ್ ಬ್ಯಾರ್ನಾಸನ್ ಅವರದು. 3–0. ಹಾಲ್ದೋರ್ ಆರ್ನಾಸನ್ ಕೋಚ್ ಆಗಿದ್ದ ಬ್ರೇಯ್ದಾಬ್ಲಿಕ್‌ಗೆ 2010 ಮತ್ತು 2022ರ ನಂತರ ಇದು ಮೂರನೆಯ ಪ್ರಶಸ್ತಿ. ಆರ್ನಾರ್ ಗುನ್‌ಲೌಗ್‌ಸನ್ ಅವರ ವೀಕಿಂಗುರ್ ಅದಕ್ಕೆ ಒಂದು ತಿಂಗಳ ಹಿಂದೆ ದೇಶದ ನಾಕೌಟ್ ಟೂರ್ನಿಯಾದ ಕಪ್‌ನ ಫೈನಲ್‌ನಲ್ಲೂ ಕೆಎ ಎದುರು 2–0ಯಿಂದ ಸೋತಿತ್ತು. ಎರಡೂ ಕೈತಪ್ಪಿದ ವರ್ಷದಲ್ಲಿ ಕ್ಲಬ್‌ನ ಬೊಕ್ಕಸ ಮಾತ್ರ ಹಿಂದೆಂದೂ ಕಾಣದಷ್ಟು ತುಂಬಿತು. ಕಪ್ ಮತ್ತು ಹಣದ ನಡುವೆ ಆಯ್ಕೆ ಕೊಟ್ಟಿದ್ದರೆ ಆಡಳಿತದವರು ಏನು ಹೇಳುತ್ತಿದ್ದರು ಎಂಬುದನ್ನು ನಾನು ಊಹಿಸಬಲ್ಲೆ. ಅಭಿಮಾನಿಗಳ ಉತ್ತರ ಬೇರೆಯೇ ಇರುತ್ತಿತ್ತು.

ವಿಭಜನೆಯಿಂದ ಬಂದ ಹೆಚ್ಚುವರಿ ಪಂದ್ಯಗಳು ಒಟ್ಟು ಮೂವತ್ತು, ಗುಂಪಿಗೆ ಹದಿನೈದರಂತೆ. ಮೇಲಿನ ಗುಂಪಿನ ಹದಿನೈದರಲ್ಲಿ ನಿಜವಾದ ಬಿಸಿ ಇದ್ದದ್ದು ಪ್ರಶಸ್ತಿಯ ಇಬ್ಬರು ಆಡಿದ ಪಂದ್ಯಗಳಲ್ಲಿ ಮಾತ್ರ. ಮೂರನೆಯ ಸ್ಥಾನ ಪಡೆದ ವಾಲುರ್ ಬಹಳ ಹಿಂದೆ ಉಳಿದಿತ್ತು, 2024ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಆಡಿದ್ದ ಗಿಲ್ವಿ ಸಿಗುರ್ದ್‌ಸನ್‌ರಂಥ ದೊಡ್ಡ ಹೆಸರನ್ನು ಕರೆತಂದೂ. ಕೆಳಗಿನ ಗುಂಪಿನ ಕಥೆ ಬೇರೆ. ಪಟ್ಟಿಯ ತಳದಲ್ಲಿ ಫಿಲ್ಕಿರ್, ಎಚ್‌ಕೆ ಮತ್ತು ವೆಸ್ತ್ರಿ ಒದ್ದಾಡಿ, ಮೊದಲೆರಡು ಕೆಳಗಿಳಿದವು, ವೆಸ್ತ್ರಿ ಉಳಿಯಿತು. ವೆಸ್ತ್ರಿಯ ಉಳಿವು ಸಣ್ಣ ಮಾತಲ್ಲ. ತನ್ನೂರಿನಲ್ಲಿ ಹೊಸ ಟರ್ಫ್ ಹಾಸುವ ಕೆಲಸ ಮುಗಿಯದೆ ಋತುವಿನ ಆರಂಭದ ತವರು ಪಂದ್ಯವನ್ನು ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ರೇಕ್ಯಾವಿಕ್‌ನಲ್ಲಿ ಆಡಿದ ತಂಡ ಅದು. ಎಚ್‌ಕೆ ಪಾಡು ಇನ್ನೊಂದು ಬಗೆಯದು. ಸೂರಿನಡಿಯ ಕೋರಿನ್ ಅಂಗಣ ಅದರ ತವರು, ಮಳೆ ಗಾಳಿಗಳ ಭಯವೇ ಇಲ್ಲ. ಆದರೂ ಆಗಸ್ಟ್‌ನಲ್ಲಿ ಕೆಆರ್ ವಿರುದ್ಧದ ಪಂದ್ಯ ಮುಂದಕ್ಕೆ ಹೋಯಿತು. ಗೋಲಿನ ಚೌಕಟ್ಟೇ ಮುರಿದಿತ್ತು, ಸಮಯಕ್ಕೆ ಬದಲಿ ಸಿಗಲಿಲ್ಲ. ಮತ್ತೆ ಆಡಿಸಿದಾಗ ಎಚ್‌ಕೆ 3–2ರಿಂದ ಗೆದ್ದಿತು. ಕೆಆರ್ ಕೊನೆಯ ಸುತ್ತಿನಲ್ಲಿ ಅದೇ ಎಚ್‌ಕೆ ಮೇಲೆ ಏಳು ಗೋಲು ಹೊಡೆದು ಸೇಡು ತೀರಿಸಿಕೊಂಡಿತು, 7–0.

ಆ ಏಳರಲ್ಲಿ ಐದು ಗೋಲು ಹತ್ತೊಂಬತ್ತರ ಹರೆಯದ ಬೆನೊನಿ ಬ್ರೆಕಿ ಆಂದ್ರೇಸನ್ ಅವರವು. ಅದರೊಂದಿಗೆ ಅವರ ಗಳಿಕೆ 21ಕ್ಕೆ ಏರಿ, ಒಂದೇ ಋತುವಿನಲ್ಲಿ 19 ಗೋಲು ಎಂಬ ಹಳೆಯ ದಾಖಲೆ ಮುರಿಯಿತು. ಕೆಲವೇ ವಾರಗಳಲ್ಲಿ ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಕೌಂಟಿ ಅವರನ್ನು ಕೊಂಡಿತು. ಹೊಸ ಪದ್ಧತಿಯ ಬಗ್ಗೆ ನನ್ನ ನಿಜವಾದ ತಕರಾರು ಇರುವುದು ಪ್ರಶಸ್ತಿಯ ವಿಷಯದಲ್ಲಲ್ಲ, ಇಂಥ ಹೋಲಿಕೆಗಳ ವಿಷಯದಲ್ಲಿ. 1978ರಲ್ಲಿ ಅಕ್ರಾನೆಸ್‌ನ ಪೇತುರ್ ಪೇತುರ್‌ಸನ್ 19 ಗೋಲು ಹೊಡೆದಾಗ ಲೀಗಿನಲ್ಲಿ ಇದ್ದದ್ದು 18 ಸುತ್ತು ಮಾತ್ರ. 27 ಸುತ್ತುಗಳ 21ನ್ನು ಅದರ ಪಕ್ಕದಲ್ಲಿಟ್ಟು ದಾಖಲೆ ಎನ್ನಬಹುದು, ಆದರೆ ಅಡಿಟಿಪ್ಪಣಿಯೊಂದು ಜೊತೆಗಿರಬೇಕು.

ಪ್ರಶಸ್ತಿಯ ಮಟ್ಟಿಗೆ ಹೇಳುವುದಾದರೆ, 22 ಪಂದ್ಯಗಳಲ್ಲಿ ಸಮಬಲವಾಗಿ ನಿಂತ ಇಬ್ಬರನ್ನು ಗೋಲು ವ್ಯತ್ಯಾಸದಿಂದ ಬೇರ್ಪಡಿಸುವುದಕ್ಕಿಂತ, ಪಟ್ಟಿಯ ಮೇಲರ್ಧದ ತಂಡಗಳ ಎದುರು ಮತ್ತೆ ಐದು ಪಂದ್ಯ ಆಡಿಸಿ, ಕೊನೆಯ ದಿನ ಮುಖಾಮುಖಿ ನಿಲ್ಲಿಸಿ ಬೇರ್ಪಡಿಸುವುದು ಹೆಚ್ಚು ನ್ಯಾಯವೆಂದೇ ನಾನು ಭಾವಿಸುತ್ತೇನೆ. ಆ ಮುಖಾಮುಖಿಯೂ ವೀಕಿಂಗುರ್‌ನ ತವರಿನಲ್ಲೇ ನಡೆಯಿತು. ತಿದ್ದಬೇಕಾದದ್ದು ಇದ್ದರೆ ಗುರುವಾರ ಯುರೋಪಿನಲ್ಲಿ ಆಡಿದ ತಂಡಕ್ಕೆ ಭಾನುವಾರವೇ ಲೀಗ್ ಪಂದ್ಯ ಇಡುವ ಅಭ್ಯಾಸವನ್ನು. ಆದರೆ ನವೆಂಬರ್‌ಗೆ ಸರಿಸಿದರೆ ಹಿಮ, ಬೆಳಕು ಮತ್ತು ಅಂತರರಾಷ್ಟ್ರೀಯ ಪಂದ್ಯಗಳ ಬಿಡುವು ಎದುರಾಗುತ್ತವೆ. ಮಾರ್ಚ್‌ಗೆ ಹಿಂದೂಡಿದರೂ ಅದೇ ಕಥೆ. ಖಾಲಿ ವಾರಗಳು ಆ ಪಂಚಾಂಗದಲ್ಲೇ ಇಲ್ಲ.

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡುವುದು ಬೇರೊಂದು ಸಾಲು. 2021ರಿಂದ 2025ರವರೆಗಿನ ಚಾಂಪಿಯನ್ನರನ್ನು ಕ್ರಮವಾಗಿ ಓದಿ: ವೀಕಿಂಗುರ್, ಬ್ರೇಯ್ದಾಬ್ಲಿಕ್, ವೀಕಿಂಗುರ್, ಬ್ರೇಯ್ದಾಬ್ಲಿಕ್, ವೀಕಿಂಗುರ್. 2023–24ರಲ್ಲಿ ಯುರೋಪಿನ ಗುಂಪು ಹಂತ ತಲುಪಿದ ಐಸ್‌ಲ್ಯಾಂಡಿನ ಮೊದಲ ಪುರುಷರ ತಂಡ ಬ್ರೇಯ್ದಾಬ್ಲಿಕ್. ಆರಕ್ಕೆ ಆರೂ ಪಂದ್ಯ ಸೋತರೂ ಹಣ ಬಂದಿತು. ಮರುವರ್ಷ ಆ ಹಣ ವೀಕಿಂಗುರ್‌ಗೆ ಬಂದಿತು, 2025ರ ಆರಂಭದಲ್ಲಿ ಗಿಲ್ವಿ ಸಿಗುರ್ದ್‌ಸನ್ ವಾಲುರ್ ಬಿಟ್ಟು ಅದೇ ವೀಕಿಂಗುರ್ ಸೇರಿದರು. ಜುಲೈನಲ್ಲಿ ಗೆದ್ದವರೇ ಅಕ್ಟೋಬರ್‌ನಲ್ಲೂ ಗೆಲ್ಲುವ, ಅಕ್ಟೋಬರ್‌ನಲ್ಲಿ ಗೆದ್ದವರೇ ಮುಂದಿನ ಜುಲೈಗೆ ಹೋಗುವ ಸುತ್ತು ಇದು. ಹಂಚಿಕೆಯ ಪ್ರಶ್ನೆ ಎತ್ತುವುದಾದರೆ ಐದು ಹೆಚ್ಚುವರಿ ಪಂದ್ಯಗಳ ಬಗ್ಗೆ ಅಲ್ಲ, ಆ ಹಣದ ಬಗ್ಗೆ ಎತ್ತಬೇಕು. 2025ರ ಕೊನೆಯ ಸುತ್ತಿನಲ್ಲಿ, 27 ಪ್ರಶಸ್ತಿಗಳ ಕೆಆರ್ ತಂಡ ಕೆಳ ಹಂತಕ್ಕೆ ಬೀಳುವುದನ್ನು ತಪ್ಪಿಸಿಕೊಳ್ಳಲು ಈಸಾಫ್ಯೋರ್ದುರ್‌ವರೆಗೆ ಹೋಗಿ ವೆಸ್ತ್ರಿಯನ್ನು 5–1ರಿಂದ ಸೋಲಿಸಬೇಕಾಯಿತು. ಹಿಂಬಡ್ತಿ ಪಡೆದದ್ದು ವೆಸ್ತ್ರಿ. ಅದೇ ವರ್ಷದ ಆಗಸ್ಟ್‌ನಲ್ಲಿ ವಾಲುರ್ ವಿರುದ್ಧ ಕಪ್ ಫೈನಲ್ ಗೆದ್ದ ತಂಡ.